ಕಡಲ ಚಿಪ್ಪಿಕಲ್ಲು ಹುಬ್ಬಳ್ಳಿ ಅಡುಗೆಮನೆಗೆ ಜೀವಂತ ಬರಬೇಕು: ಆರಿಸುವುದರಿಂದ ಬೇಯಿಸುವವರೆಗೆ

ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ಸುಮಾರು 130 ಕಿಲೋಮೀಟರ್. ಕಲಘಟಗಿ, ಯಲ್ಲಾಪುರ, ಅರಬೈಲ್ ಘಾಟ್ ಇಳಿದರೆ ಕಡಲು. ಹಾವೇರಿಯವರಿಗೆ ಶಿರಸಿ, ದೇವಿಮನೆ ಘಾಟ್ ದಾಟಿ ಕುಮಟಾ ಹತ್ತಿರ. ಗದಗಿನವರು ಹುಬ್ಬಳ್ಳಿ ದಾರಿಗೆ ಇನ್ನೊಂದು ಗಂಟೆ ಕೂಡಿಸಿಕೊಳ್ಳಬೇಕು. ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತು ವರ್ಷಗಟ್ಟಲೆ ಕೇಳುತ್ತಲೇ ಇದ್ದೇವೆ. ರೈಲು ಬರುವವರೆಗೆ ಬಸ್ಸು, ಕಾರೇ ಗತಿ.

ಮೀನು ತರುವುದು ನಮಗೆಲ್ಲ ಗೊತ್ತು. ಬರ್ಫ ಹಾಕಿ, ಡಬ್ಬಿ ಮುಚ್ಚಿ, ತಂದರಾಯಿತು. ಚಿಪ್ಪಿಕಲ್ಲಿಗೆ ಆ ಲೆಕ್ಕ ನಡೆಯುವುದಿಲ್ಲ. ಮೀನು ಸತ್ತ ಮೇಲೂ ಬರ್ಫದಲ್ಲಿ ಒಂದೆರಡು ದಿನ ಚೆನ್ನಾಗಿರುತ್ತದೆ, ಅದರ ಹೊಟ್ಟೆಯನ್ನು ನಾವು ತೆಗೆದು ಬಿಸಾಡುತ್ತೇವೆ. ಚಿಪ್ಪಿಯನ್ನು ಕರುಳು ಸಮೇತ ಇಡಿಯಾಗಿ ತಿನ್ನುತ್ತೇವೆ. ಅದು ಸತ್ತರೆ ಒಳಗಿರುವ ಬ್ಯಾಕ್ಟೀರಿಯಾ ಬೇಗ ಹೆಚ್ಚುತ್ತವೆ, ಕೆಡಲು ಹೆಚ್ಚು ಹೊತ್ತು ಬೇಡ. ಅದಕ್ಕೇ ಒಲೆ ಮೇಲೆ ಇಡುವ ತನಕ ಅದು ಬದುಕಿರಬೇಕು. ಈ ಲೇಖನದಲ್ಲಿ ಮುಂದೆ ಹೇಳುವುದೆಲ್ಲ ಹೆಚ್ಚುಕಡಿಮೆ ಈ ಒಂದು ಮಾತಿನ ಸುತ್ತಲೇ ಇದೆ.

ಯಾವ ಚಿಪ್ಪಿ?

ನಮ್ಮ ಕರಾವಳಿಯಲ್ಲಿ ತಿನ್ನುವ ಚಿಪ್ಪಿ ಸಿಗುವ ಜಾಗ ಎರಡು. ಒಂದು, ನದಿ ಕಡಲಿಗೆ ಸೇರುವ ಅಳಿವೆ. ಕಾಳಿ, ಅಘನಾಶಿನಿ, ಶರಾವತಿ ಅಳಿವೆಗಳ ಕೆಸರು ಬೆರೆತ ಮರಳಿನಲ್ಲಿ ಸಿಗುವುದೇ ಪೇಟೆಗೆ ಬರುವ ಮುಖ್ಯ ಮಾಲು. ಅಘನಾಶಿನಿ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಅದೇ ಪಟ್ಟಿಯಲ್ಲಿ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಇತ್ತು, ಹಕ್ಕಿ ನೋಡಲು ಹೋಗುವವರಿಗೆ ಗೊತ್ತಿರುತ್ತದೆ.

ಇನ್ನೊಂದು, ಅಲೆ ನೇರವಾಗಿ ಬಂದು ಬಡಿಯುವ ಮರಳುದಂಡೆ. ಅಲ್ಲಿರುವುದು ಬೇರೆಯೇ ಜಾತಿ. ವಿಜ್ಞಾನಿಗಳು ಡೋನಾಕ್ಸ್ ಎನ್ನುವ ಕುಲ. ಎರಡರಿಂದ ಮೂರು ಸೆಂಟಿಮೀಟರ್ ಉದ್ದ, ಒಂದು ಕಡೆ ಮೊಂಡು, ಇನ್ನೊಂದು ಕಡೆ ಚೂಪು. ಚಿಪ್ಪು ನುಣುಪು, ಗಟ್ಟಿ.

ಅಂಗಡಿಯಲ್ಲಿ ಕೇಳುವಾಗ ಕುಮಟಾ, ಅಂಕೋಲಾ ಕಡೆ ಬಳಚು ಎನ್ನಿ. ಕಾರವಾರದಿಂದ ಗೋವಾದ ಕಡೆಗೆ ತಿಸ್ರೆ. ಮಂಗಳೂರಿಗೆ ಹೋದರೆ ಮರುವಾಯಿ. ಚಿಪ್ಪಿಕಲ್ಲು ಅಂದರೆ ಎಲ್ಲ ಕಡೆ ತಿಳಿಯುತ್ತದೆ.

ರುಚಿಯ ಮಾತು ಬಂದರೆ ನನ್ನ ಓಟು ಮರಳುದಂಡೆಯ ಸಣ್ಣದಕ್ಕೇ. ಸಾರು ಸಿಹಿ ಇರುತ್ತದೆ. ಆದರೆ ಮಾಂಸ ಕಡಿಮೆ, ಹೊಟ್ಟೆಯೊಳಗೆ ಮರಳು ಜಾಸ್ತಿ. ಮನೆಮಂದಿಗೆಲ್ಲ ಊಟಕ್ಕೆ ಆಗಬೇಕು ಅಂದರೆ ಅಳಿವೆಯ ಬಳಚೇ ಸರಿ.

ಯಾವಾಗ ಹೋಗಬೇಕು

ನವೆಂಬರ್‌ನಿಂದ ಮೇ ತನಕ. ಮಳೆಗಾಲ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಂತ್ರದ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುತ್ತದೆ. ಚಿಪ್ಪಿ ಆರಿಸಲು ದೋಣಿ ಬೇಡ ನಿಜ, ಆದರೂ ಆ ದಿನಗಳಲ್ಲಿ ಅಲೆಯ ಆರ್ಭಟ ಬೇರೆ. ಹೊಳೆಯ ಸಿಹಿನೀರು ತುಂಬಿ ಅಳಿವೆಯ ಚಿಪ್ಪಿಗಳೇ ಸಾಯುವುದುಂಟು. ಊರ ಹೊಲಸೆಲ್ಲ ಮಳೆಯ ಜತೆ ಕಡಲಿಗೆ ಇಳಿಯುತ್ತದೆ. ಚಿಪ್ಪಿ ತಿನ್ನುವುದೇ ನೀರನ್ನು ಸೋಸಿ, ಹಾಗಾಗಿ ನೀರಿನಲ್ಲಿ ಏನಿರುತ್ತದೋ ಅದು ಅದರ ಹೊಟ್ಟೆಗೆ ಸೇರುತ್ತದೆ.

ತಿಂಗಳಲ್ಲಿ ಒಳ್ಳೆಯ ದಿನಗಳು ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು. ಆಗ ನೀರು ಉಳಿದ ದಿನಗಳಿಗಿಂತ ಹೆಚ್ಚು ಹಿಂದೆ ಸರಿಯುತ್ತದೆ. ಇಳಿತ ದಿನಕ್ಕೆ ಎರಡು ಸಲ, ಪ್ರತಿದಿನ ಸುಮಾರು 50 ನಿಮಿಷ ತಡ. ಗೋಡೆಯ ಪಂಚಾಂಗ ನೋಡಿ ದಿನ ಆರಿಸಿ. ಹೊತ್ತನ್ನು ಮಾತ್ರ ದಂಡೆಯ ಮೀನುಗಾರರನ್ನೇ ಕೇಳಿ.

ಮರಳಲ್ಲಿ ಹುಡುಕುವುದು

ಮರಳುದಂಡೆಯ ಸಣ್ಣ ಚಿಪ್ಪಿ ಇರುವುದು ಅಲೆ ಬಂದು ಹೋಗುವ ಪಟ್ಟಿಯಲ್ಲಿ. ಒಣ ಮರಳಲ್ಲಿ ಎಷ್ಟು ಅಗೆದರೂ ಸುಮ್ನೆ ಕೈ ನೋವು. ಅಲೆ ಹಿಂದೆ ಸರಿಯುವಾಗ ಕೆಳಗೆ ಬಗ್ಗಿ ಮರಳನ್ನು ಗಮನಿಸಿ. ನೀರು ತೆಳುವಾಗಿ ಜಾರುವಾಗ ಕೆಲವು ಕಡೆ ಸಣ್ಣ ಬಾಣದ ತಲೆಯ ಆಕಾರದ ಗೆರೆ ಮೂಡುತ್ತದೆ. ಅದರ ಮೊನೆಯಲ್ಲಿ ಒಂದು ಚಿಪ್ಪಿಯ ತುದಿ ನೀರನ್ನು ಸೀಳುತ್ತಿರುತ್ತದೆ. ಅಲ್ಲೇ ನಾಲ್ಕು ಬೆರಳು ಇಳಿಸಿ ಮರಳು ಮೇಲೆತ್ತಿ.

ಎತ್ತಿದ್ದನ್ನು ಕೂಡಲೇ ಬುಟ್ಟಿಗೆ ಹಾಕಬೇಡಿ, ಒಂದನ್ನು ಒದ್ದೆ ಮರಳಿನ ಮೇಲೆ ಇಟ್ಟು ನೋಡಿ. ಮಕ್ಕಳು ಜತೆಗಿದ್ದರಂತೂ ತೋರಿಸಲೇಬೇಕು. ಮೊದಲು ಏನೂ ಆಗುವುದಿಲ್ಲ. ಆಮೇಲೆ ಚಿಪ್ಪು ಕೂದಲೆಳೆಯಷ್ಟು ತೆರೆದು, ನಾಲಿಗೆಯಂಥ ಬಿಳಿ ಕಾಲೊಂದು ಹೊರಬರುತ್ತದೆ. ಅದು ಮರಳನ್ನು ತಡಕುತ್ತದೆ, ಕೆಳಗೆ ಇಳಿದು ತುದಿ ಉಬ್ಬಿಸಿಕೊಂಡು ಬಿಗಿಯುತ್ತದೆ. ಮಲಗಿದ್ದ ಚಿಪ್ಪು ಎದ್ದು ನಿಲ್ಲುತ್ತದೆ. ಎರಡು ಮೂರು ಜಗ್ಗು, ಅಷ್ಟೇ. ನೀವು ಪಕ್ಕಕ್ಕೆ ತಿರುಗಿ ನೋಡುವಷ್ಟರಲ್ಲಿ ಮಾಯ. ಅಲೆ ಮರಳನ್ನು ಕೊರೆದು ಎತ್ತಿ ಎಸೆಯುವ ಜಾಗದಲ್ಲಿ ಬದುಕಬೇಕಾದರೆ ಇಷ್ಟು ಚುರುಕು ಇರಲೇಬೇಕಲ್ವಾ? ಈ ಕುಲದ ಕೆಲವು ಜಾತಿಗಳು ಭರತ ಏರುವಾಗ ಅಲೆಯ ಜತೆ ಮೇಲಕ್ಕೆ, ಇಳಿತದಲ್ಲಿ ಕೆಳಕ್ಕೆ ಜಾಗ ಬದಲಿಸುತ್ತಲೇ ಇರುತ್ತವೆ. ಬೆಳಗ್ಗೆ ಕಂಡ ಜಾಗದಲ್ಲಿ ಸಂಜೆ ಸಿಗದಿದ್ದರೆ ಅಚ್ಚರಿ ಪಡಬೇಡಿ.

ಕಾಲಿನಿಂದಲೂ ಹುಡುಕಬಹುದು. ಪಾದ ಮುಳುಗುವಷ್ಟು ನೀರಲ್ಲಿ ನಿಂತು ಹಿಮ್ಮಡಿಯನ್ನು ಆ ಕಡೆ ಈ ಕಡೆ ತಿರುವಿದರೆ ಮರಳು ಸಡಿಲವಾಗಿ ಅಂಗಿಯ ಗುಂಡಿಯಂಥ ಗಟ್ಟಿ ಚಿಪ್ಪಿಗಳು ತಾಗುತ್ತವೆ.

ಇಲ್ಲಿ ಒಂದು ಮಾತು ಖಡಕ್ಕಾಗಿ ಹೇಳಬೇಕು. ನಾವು ಬಯಲುಸೀಮೆಯವರು. ಕೆರೆ, ಹೊಳೆಯಲ್ಲಿ ಈಜು ಬಂದರೂ ಕಡಲು ಬೇರೆ. ಮೊಣಕಾಲಿಗಿಂತ ಆಳದ ನೀರಿಗೆ ಇಳಿಯಬೇಡಿ. ಅಲೆಗೆ ಬೆನ್ನು ಹಾಕಿ ಬಗ್ಗಬೇಡಿ, ಯಾವಾಗಲೂ ಮುಖ ಕಡಲಿಗೇ ಇರಲಿ. ಒಬ್ಬರು ಆರಿಸಿದರೆ ಇನ್ನೊಬ್ಬರು ನೀರು ನೋಡುತ್ತಿರಲಿ. ಜೀವ ಇರುವ ಶಂಖದಂಥ ಹುಳುಗಳನ್ನು ಕೈಯಲ್ಲಿ ಹಿಡಿಯುವುದೂ ಬೇಡ. ಕೋನ್ ಆಕಾರದ ಕೆಲವು ಶಂಖಗಳು ವಿಷದ ಮುಳ್ಳಿನಿಂದ ಚುಚ್ಚುತ್ತವೆ.

ಚರಂಡಿ ಸೇರುವ ಜಾಗ, ಬಂದರು, ದೋಣಿಗೆ ಡೀಸೆಲ್ ತುಂಬುವ ಜಾಗ, ಇವುಗಳ ಹತ್ತಿರದ್ದು ಬೇಡವೇ ಬೇಡ.

ಆರಿಸುವುದೋ, ಕೊಳ್ಳುವುದೋ?

ಖುಷಿಗೆ ಒಂದು ಹಿಡಿ ಆರಿಸಿ, ಅಡುಗೆಗೆ ಕೊಂಡುಕೊಳ್ಳಿ ಎನ್ನುವುದು ನನ್ನ ಅಭಿಪ್ರಾಯ. ಸೊಂಟದ ಮಟ್ಟದ ನೀರಲ್ಲಿ ಗಂಟೆಗಟ್ಟಲೆ ನಿಂತು ಬಳಚು ತೆಗೆಯುವ ಹೆಂಗಸರಿಗೆ ಅದೇ ಸಂಸಾರ ನಡೆಸುವ ದುಡಿಮೆ. ಯಾವ ಜಾಗದ ನೀರು ಚೆನ್ನ, ಯಾವುದು ಕೆಟ್ಟಿದೆ ಎನ್ನುವುದು ಅವರಿಗೆ ಗೊತ್ತು, ನಮಗೆ ಗೊತ್ತಿಲ್ಲ. "ಇದು ಎಲ್ಲಿಂದ ತಂದದ್ದು, ಅಕ್ಕಾ? ಇವತ್ತಿನದಾ?" ಎಂದು ಕೇಳಿ. ಚೌಕಾಸಿ ಮಾಡುವುದಾದರೆ ಒಂದು ಮಿತಿ ಇರಲಿ.

ತೀರಾ ಸಣ್ಣದನ್ನು ಬಿಟ್ಟುಬಿಡಿ. ಬಳಿದು ಬಾಚಿದರೆ ಏನಾಗುತ್ತದೆ ಎನ್ನುವುದಕ್ಕೆ ನ್ಯೂಜಿಲೆಂಡಿನ ಟೊಹೆರೋವಾ ಸಾಕ್ಷಿ. ಅದೂ ಅಲೆ ಬಡಿಯುವ ಮರಳಿನದೇ, ದೊಡ್ಡ ಜಾತಿ. ಡಬ್ಬಿಗೆ ತುಂಬಿ ಮಾರುವ ಕಾರ್ಖಾನೆಗಳೇ ಇದ್ದವು. 1969ಕ್ಕೆ ಆ ವ್ಯಾಪಾರ ನಿಂತಿತು, ಚಿಪ್ಪಿ ಮೊದಲಿನಂತೆ ಮತ್ತೆ ತುಂಬಿಕೊಳ್ಳಲಿಲ್ಲ. ಕೇರಳದ ಅಷ್ಟಮುಡಿ ಹಿನ್ನೀರಿನವರು ಬೇರೆ ದಾರಿ ಹಿಡಿದರು. ಮರಿ ಹಾಕುವ ತಿಂಗಳಲ್ಲಿ ರಜೆ, ಸಣ್ಣದು ಜಾರಿಹೋಗುವಂಥ ಬಲೆಕಣ್ಣು. 2014ರಲ್ಲಿ ಅವರ ಚಿಪ್ಪಿಗಾರಿಕೆಗೆ, ಕಡಲು ಬರಿದಾಗದಂತೆ ಹಿಡಿಯುವವರಿಗೆ ಮರೀನ್ ಸ್ಟೂವರ್ಡ್‌ಶಿಪ್ ಕೌನ್ಸಿಲ್ ಕೊಡುವ ಪ್ರಮಾಣಪತ್ರ ಸಿಕ್ಕಿತು. ನಮ್ಮ ದೇಶದ ಯಾವ ಮೀನುಗಾರಿಕೆಗೂ ಅದಕ್ಕೆ ಮೊದಲು ಅದು ಸಿಕ್ಕಿರಲಿಲ್ಲ.

ಎಷ್ಟು ಕೊಳ್ಳಬೇಕು? ಒಂದು ಕಿಲೋ ಚಿಪ್ಪಿಯಿಂದ ಬರುವ ಮಾಂಸ ಹೆಚ್ಚುಕಡಿಮೆ 100ರಿಂದ 150 ಗ್ರಾಂ. ಉಳಿದದ್ದು ಚಿಪ್ಪು, ನೀರು. ನಾಲ್ಕು ಜನಕ್ಕೆ ಎರಡು ಎರಡೂವರೆ ಕಿಲೋ ಬೇಕಾಗುತ್ತದೆ.

ಕೊಳ್ಳುವಾಗ ಒಂದೊಂದನ್ನೇ ನೋಡಿ. ಬಿಗಿಯಾಗಿ ಮುಚ್ಚಿದ್ದರೆ ಜೀವ ಇದೆ. ಸ್ವಲ್ಪ ಬಾಯಿ ತೆರೆದಿದ್ದರೆ ಇನ್ನೊಂದು ಚಿಪ್ಪಿನಿಂದ ಟಕ್ ಎಂದು ತಟ್ಟಿ. ಮುಚ್ಚಿಕೊಂಡರೆ ಸರಿ, ಸುಮ್ಮನಿದ್ದರೆ ಸತ್ತಿದೆ. ಗಾತ್ರಕ್ಕಿಂತ ಭಾರವಾಗಿದ್ದರೆ ಒಳಗೆ ಬರೀ ಕೆಸರು ತುಂಬಿರುವ ಖಾಲಿ ಚಿಪ್ಪು ಇರಬಹುದು. ಎರಡು ಹೋಳನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳಿ ನೋಡಿ, ಜಾರಿದರೆ ಬಿಸಾಡಿ. ಅಂಥ ಒಂದೇ ಒಂದು ಪಾತ್ರೆಗೆ ಬಿದ್ದರೂ ಸಾರೆಲ್ಲ ಕೆಸರು.

ಘಾಟ್ ಹತ್ತಿಸುವುದು

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಚಿಪ್ಪಿ ಸಾಯಲು ಕಾರಣ ಮೂರು: ಬಿಸಿ, ಸಿಹಿನೀರು, ಉಸಿರು ಕಟ್ಟುವುದು.

ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ತಂದರೆ ಉಸಿರು ಕಟ್ಟುತ್ತದೆ. ಪ್ರೀತಿಯಿಂದ ಬಕೆಟ್ ನೀರಲ್ಲಿ ಮುಳುಗಿಸಿ ತಂದರೂ ಅದೇ ಗತಿ, ಏಕೆಂದರೆ ನಿಂತ ನೀರಿನ ಆಮ್ಲಜನಕ ಬೇಗ ಮುಗಿಯುತ್ತದೆ. ನೀರಿನ ಹೊರಗೆ, ತಂಪಾಗಿ, ಒದ್ದೆ ಬಟ್ಟೆಯಲ್ಲಿ ಇಟ್ಟರೆ ಬಾಯಿ ಮುಚ್ಚಿಕೊಂಡು ಗಂಟೆಗಟ್ಟಲೆ ಆರಾಮವಾಗಿರುತ್ತದೆ.

ಹೀಗೆ ಮಾಡಿ. ಥರ್ಮೋಕೋಲ್ ಡಬ್ಬಿಯ ತಳಕ್ಕೆ ಬರ್ಫ ಇಡಿ. ಬರ್ಫವನ್ನು ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿರಬೇಕು, ಕರಗಿದ ನೀರು ಹೊರಗೆ ಬರಬಾರದು. ಅದರ ಮೇಲೆ ನಾಲ್ಕು ಪದರ ಪೇಪರ್. ಆಮೇಲೆ ಕಡಲ ನೀರಲ್ಲಿ ಅದ್ದಿ ಹಿಂಡಿದ ಗೋಣಿತಟ್ಟು ಹಾಸಿ. ಚಿಪ್ಪಿ ಅದರ ಮೇಲೆ, ಮತ್ತೊಂದು ಒದ್ದೆ ಗೋಣಿತಟ್ಟು ಮೇಲಿಂದ. ಮುಚ್ಚಳ ಬಿಗಿ ಬೇಡ, ಒಂದು ಮೂಲೆ ಸ್ವಲ್ಪ ತೆರೆದಿರಲಿ.

ಬಸ್ಸಿನಲ್ಲಿ ಬರುವವರು ಡಬ್ಬಿಯನ್ನು ಕೆಳಗಿನ ಡಿಕ್ಕಿಯಲ್ಲಿ ಹಾಕಬೇಡಿ. ಅಲ್ಲಿ ಬಿಸಿ, ಧೂಳು ಎರಡೂ ಜಾಸ್ತಿ. ಡಬ್ಬಿಯನ್ನು ಒಂದು ಪ್ಲಾಸ್ಟಿಕ್ ಬುಟ್ಟಿಯೊಳಗೆ ಕೂರಿಸಿ ಕಾಲ ಹತ್ತಿರ ಇಟ್ಟುಕೊಳ್ಳಿ. ನೀರು ಸೋರಿ ಪಕ್ಕದವರ ಚಪ್ಪಲಿ ಒದ್ದೆಯಾದರೆ ಯಲ್ಲಾಪುರದ ತನಕ ಬೈಸಿಕೊಳ್ಳಬೇಕಾಗುತ್ತದೆ. ಕಾರಿನವರು ಬಿಸಿಲು ಬೀಳುವ ಹಿಂದಿನ ಗಾಜಿನ ಕೆಳಗೆ ಇಡದಿದ್ದರೆ ಸಾಕು.

ಹೊರಡುವ ಮೊದಲು ಐದು ಲೀಟರ್ ಕ್ಯಾನಿನಲ್ಲಿ ಶುದ್ಧ ಜಾಗದ ಕಡಲ ನೀರು ತುಂಬಿಕೊಳ್ಳಿ. ಮುಂದಿನ ಹೆಜ್ಜೆಗೆ ಅದು ಬೇಕು.

ಮರಳು ಬಿಡಿಸುವುದು

ಮನೆಗೆ ಬಂದ ಕೂಡಲೇ ನಮ್ಮ ಕೈ ನಲ್ಲಿಯ ಕಡೆ ಹೋಗುತ್ತದೆ. ಬೇಡ. ಮಲಪ್ರಭೆಯ ನೀರು ಕುಡಿಯಲು ಎಷ್ಟೇ ಚೆನ್ನಾಗಿದ್ದರೂ ಕಡಲ ಚಿಪ್ಪಿಗೆ ಅದರಲ್ಲಿ ಉಪ್ಪಿಲ್ಲ, ಮೇಲಿಂದ ಕ್ಲೋರಿನ್ ಬೇರೆ. ಸಿಹಿನೀರಲ್ಲಿ ನೆನೆಸಿದರೆ ಅದು ಬಾಯಿ ಬಿಗಿದು ಮರಳನ್ನು ಒಳಗೇ ಇಟ್ಟುಕೊಳ್ಳುತ್ತದೆ, ಆಮೇಲೆ ಸಾಯುತ್ತದೆ. ಮೇಲಿನ ಕೊಳೆ ಹೋಗಲು ನಲ್ಲಿ ಕೆಳಗೆ ಒಂದು ಸಲ ಬೇಗ ಉಜ್ಜಿ ತೊಳೆದರೆ ಅಡ್ಡಿಯಿಲ್ಲ, ನೆನೆಸಬಾರದು ಅಷ್ಟೇ.

ತಂದ ಕಡಲ ನೀರನ್ನು ಬಟ್ಟೆಯಲ್ಲಿ ಸೋಸಿ ಬಳಸಿ. ಅದು ಇಲ್ಲದಿದ್ದರೆ ಉಪ್ಪುನೀರು ಮಾಡಿಕೊಳ್ಳಬೇಕು. ಹಿಂದಿನ ದಿನ ತುಂಬಿಟ್ಟು ಕ್ಲೋರಿನ್ ಹೋದ ನೀರು ಒಂದು ಲೀಟರಿಗೆ 30ರಿಂದ 35 ಗ್ರಾಂ ಉಪ್ಪು. ತಕ್ಕಡಿ ಇಲ್ಲದವರಿಗೆ ಊಟದ ದೊಡ್ಡ ಚಮಚದಲ್ಲಿ ಎರಡು ಸಮತಟ್ಟು ಚಮಚ. ನಾಲ್ಕೈದು ದಿನಕ್ಕೊಮ್ಮೆ ನೀರು ಬಿಡುವ ಓಣಿಯವರಿಗೆ ತುಂಬಿಟ್ಟ ನೀರಿಗೆ ಬರವಿಲ್ಲ ಬಿಡಿ. ಗೋಕರ್ಣದ ಹತ್ತಿರದ ಸಾಣಿಕಟ್ಟಾ ಹರಳುಪ್ಪು ದಾರಿಯಲ್ಲಿ ಸಿಕ್ಕರೆ ತೆಗೆದುಕೊಳ್ಳಿ, ಅಘನಾಶಿನಿಯ ಪಕ್ಕದ್ದೇ ಉಪ್ಪು ಅದು.

ಅಗಲವಾದ ಪರಾತ ಅಥವಾ ಡಬರಿ ತೆಗೆದುಕೊಳ್ಳಿ. ತಳದಲ್ಲಿ ಒಂದು ತೂತಿನ ತಟ್ಟೆ ಅಥವಾ ಅಗಲ ಕಣ್ಣಿನ ಸಾಣಿಗೆ ಬೋರಲು ಹಾಕಿ, ಅದರ ಮೇಲೆ ಚಿಪ್ಪಿಗಳನ್ನು ಒಂದೇ ಪದರ ಹರಡಿ. ಹೀಗೆ ಎತ್ತರದಲ್ಲಿಟ್ಟರೆ ಉಗುಳಿದ ಮರಳು ಕೆಳಗೆ ಬೀಳುತ್ತದೆ, ಮತ್ತೆ ಒಳಗೆಳೆದುಕೊಳ್ಳಲು ಆಗುವುದಿಲ್ಲ. ಚಿಪ್ಪಿ ಮುಳುಗಿ ಎರಡು ಬೆರಳು ಮೇಲೆ ಬರುವಷ್ಟು ಉಪ್ಪುನೀರು ಹಾಕಿ, ಮೇಲೆ ಬಟ್ಟೆ ಮುಚ್ಚಿ ಕತ್ತಲು ಮಾಡಿ. ಮನೆಯ ತಂಪಾದ ಮೂಲೆಯಲ್ಲಿಡಿ. ಫ್ರಿಜ್ಜಿನಲ್ಲಿಟ್ಟರೆ ಚಳಿಗೆ ಮುದುಡಿ ಉಗುಳುವುದನ್ನೇ ನಿಲ್ಲಿಸುತ್ತದೆ.

ಅರ್ಧ ಗಂಟೆ ಬಿಟ್ಟು ಸದ್ದಿಲ್ಲದೆ ಬಟ್ಟೆಯ ಅಂಚು ಎತ್ತಿ ನೋಡಿ. ಎರಡೆರಡು ಸಣ್ಣ ಕೊಳವೆ ಹೊರಗೆ ಚಾಚಿರುತ್ತವೆ. ಒಂದರಿಂದ ನೀರು ಒಳಗೆ, ಇನ್ನೊಂದರಿಂದ ಹೊರಗೆ. ಆಗಾಗ ಪಿಚಕ್ ಎಂದು ಚಿಮ್ಮಿಸಿ ನೆಲ ಒದ್ದೆ ಮಾಡುತ್ತವೆ. ಕೆಲಸ ನಡೆಯುತ್ತಿದೆ ಎಂದರ್ಥ.

ಅಳಿವೆಯ ಬಳಚಿಗೆ ಎರಡು ಮೂರು ಗಂಟೆ ಸಾಕು. ಮರಳುದಂಡೆಯದಕ್ಕೆ ಐದಾರು ಗಂಟೆ ಕೊಡಿ, ನಡುವೆ ಒಂದೆರಡು ಸಲ ಹೊಸ ಉಪ್ಪುನೀರು ಹಾಕಿ. ಲೋಟದಲ್ಲಿ ನೀರೆತ್ತಿ ಮೇಲಿಂದ ಸುರಿಯುತ್ತಿದ್ದರೆ ಗಾಳಿಯೂ ಸೇರುತ್ತದೆ. ಮನೆಯಲ್ಲಿ ಮೀನಿನ ತೊಟ್ಟಿಯ ಗಾಳಿ ಪಂಪ್ ಇದ್ದರೆ ಇನ್ನೂ ಒಳ್ಳೆಯದು.

ತೆಗೆಯುವಾಗ ಪರಾತವನ್ನೇ ಬಗ್ಗಿಸಿ ಸುರಿಯಬೇಡಿ. ಚಿಪ್ಪಿಗಳನ್ನು ಕೈಯಿಂದ ಎತ್ತಿ ತೆಗೆಯಿರಿ. ಅಂದೇ ಬೇಯಿಸದಿದ್ದರೆ ನೀರಿಲ್ಲದೆ ಒದ್ದೆ ಬಟ್ಟೆ ಮುಚ್ಚಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟರೆ ಮಾರನೇ ದಿನದ ತನಕ ಇರುತ್ತದೆ. ಬೇಯಿಸುವ ಮೊದಲು ಮತ್ತೆ ಒಂದು ಸಲ ಟಕ್ ಪರೀಕ್ಷೆ.

ಭಯಪಡಬೇಕಾದದ್ದು

ಮರಳು ಬಿಡಿಸಿದರೆ ಮರಳು ಹೋಗುತ್ತದೆ. ರೋಗಾಣು, ವಿಷ ಹೋಗುತ್ತದೆ ಎಂದುಕೊಳ್ಳಬೇಡಿ. ರೋಗಾಣು ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ. ಹಸಿಯಾಗಿ, ಅರೆಬೆಂದದ್ದು ತಿನ್ನಲೇಬಾರದು. ಬಸುರಿಯರು, ಲಿವರ್ ತೊಂದರೆ ಇರುವವರಂತೂ ಇನ್ನೂ ಜೋಪಾನ.

ವಿಷದ ವಿಷಯ ಬೇರೆ. ಕಡಲಲ್ಲಿ ಕೆಲವು ಸಲ ಒಂದು ಜಾತಿಯ ಸೂಕ್ಷ್ಮ ಪಾಚಿ ಹೆಚ್ಚಾಗುತ್ತದೆ. ಅದನ್ನು ಸೋಸಿ ತಿಂದ ಚಿಪ್ಪಿಯ ಮೈಯಲ್ಲಿ ನರಕ್ಕೆ ತಾಗುವ ವಿಷ ಸೇರುತ್ತದೆ. ಚಿಪ್ಪಿ ಆರೋಗ್ಯವಾಗೇ ಕಾಣುತ್ತದೆ, ವಾಸನೆಯೂ ಇಲ್ಲ, ಎಷ್ಟು ಕುದಿಸಿದರೂ ಆ ವಿಷ ಹೋಗುವುದಿಲ್ಲ. ದೂರದ ದೇಶದ ಕಥೆಯಲ್ಲ ಇದು. 1983ರಲ್ಲಿ ಮಂಗಳೂರಿನ ದಕ್ಷಿಣಕ್ಕಿರುವ ಕುಂಬಳೆ ಕಡೆಯ ಚಿಪ್ಪಿ ತಿಂದವರಿಗೆ ಹೀಗಾಗಿ ಜೀವಹಾನಿಯೂ ಆಗಿತ್ತು. ಇಂಥದ್ದು ಅಪರೂಪ. ಆದರೂ ನೀರಿನ ಬಣ್ಣ ಕೆಂಪು, ಕಂದು ಅಥವಾ ಹಸಿರಿಗೆ ತಿರುಗಿದ್ದರೆ, ಮೀನು ಸತ್ತು ತೇಲುತ್ತಿದ್ದರೆ, ಊರಿನವರೇ ಚಿಪ್ಪಿ ತೆಗೆಯುವುದನ್ನು ನಿಲ್ಲಿಸಿದ್ದರೆ ಅವತ್ತು ಬೇಡ. ತಿಂದ ಮೇಲೆ ತುಟಿ, ನಾಲಿಗೆ, ಬೆರಳ ತುದಿ ಜುಮ್ಮೆನ್ನತೊಡಗಿದರೆ ಮನೆಮದ್ದು ಮಾಡುತ್ತ ಕೂರಬೇಡಿ. ನೇರ ದೊಡ್ಡ ಆಸ್ಪತ್ರೆಗೆ ಹೋಗಿ, ಚಿಪ್ಪಿ ತಿಂದದ್ದನ್ನು ಮೊದಲೇ ಹೇಳಿ.

ಮೊದಲ ಸಲ ತಿನ್ನುವವರು ಎರಡು ಮೂರು ತಿಂದು ನೋಡಿ. ಸಿಗಡಿ ತಿಂದರೆ ಮೈ ತುರಿಸುವವರು ಇದನ್ನು ಬಿಡುವುದೇ ಲೇಸು.

ಇನ್ನೊಂದು. ನಮ್ಮ ಕೆರೆ, ಹೊಳೆಗಳಲ್ಲೂ ಸಿಹಿನೀರಿನ ಚಿಪ್ಪಿಗಳಿವೆ. ಈ ಲೇಖನ ಓದಿ ಉಣಕಲ್ ಕೆರೆಯಂಥ ಊರೊಳಗಿನ ಕೆರೆಗೆ ಬುಟ್ಟಿ ಹಿಡಿದು ಹೋಗಬೇಡಿ. ಅದೂ ನೀರನ್ನು ಸೋಸಿಯೇ ತಿನ್ನುವುದು.

ಬೇಯಿಸುವುದು, ಸುಕ್ಕಾ ಮಾಡುವುದು

ಅಗಲ ಪಾತ್ರೆಯಲ್ಲಿ ಒಂದು ಲೋಟ ನೀರು ಕುದಿಸಿ, ಚಿಪ್ಪಿ ಹಾಕಿ, ಮುಚ್ಚಿ. ಉಪ್ಪು ಬೇಡ, ಅದರಲ್ಲೇ ಇದೆ. ಬಾಯಿ ತೆರೆದ ಮೇಲೆ ಇನ್ನೂ ಐದು ನಿಮಿಷ ಕುದಿಯಲಿ. ತೆರೆಯದೆ ಉಳಿದದ್ದನ್ನು ಚಾಕುವಿನಿಂದ ತೆರೆಯಲು ಹೋಗಬೇಡಿ, ಬಿಸಾಡಿ. ಪಾತ್ರೆಯ ತಳದ ನೀರು ಚಿನ್ನ. ತೆಳು ಬಟ್ಟೆಯಲ್ಲಿ ಸೋಸಿ, ಕೊನೆಯ ಎರಡು ಚಮಚ ಬಿಟ್ಟುಬಿಡಿ, ಮರಳಿನ ಕಣ ಇದ್ದರೆ ಅಲ್ಲೇ ಇರುತ್ತದೆ.

ಎರಡು ಕಿಲೋ ಚಿಪ್ಪಿಗೆ ಎಂಟು ಹತ್ತು ಬ್ಯಾಡಗಿ ಮೆಣಸಿನಕಾಯಿ, ಎರಡು ಚಮಚ ಕೊತ್ತಂಬರಿ ಕಾಳು, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳು ಮೆಣಸು ಹುರಿಯಿರಿ. ಇಲ್ಲಿ ನಮಗೆ ಸ್ವಲ್ಪ ಹೆಮ್ಮೆ ಇರಲಿ. ಕರಾವಳಿಯ ಮೀನು ಸಾರಿನ ಆ ಕೆಂಪು ಬಣ್ಣ ಹಾವೇರಿ ಜಿಲ್ಲೆಯದ್ದು. ಬ್ಯಾಡಗಿಗೆ 2011ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಬಣ್ಣ ಜಾಸ್ತಿ, ಖಾರ ಕಡಿಮೆ, ಚಿಪ್ಪಿಗೆ ಹೇಳಿ ಮಾಡಿಸಿದ್ದು. ಸಾವಜಿ ಮಸಾಲೆ ಹಾಕಿದರೆ ಹೇಗೆ ಎಂದು ಹುಬ್ಬಳ್ಳಿಯವರು ಕೇಳಿಯೇ ಕೇಳುತ್ತಾರೆ. ಅದು ಮಟನ್ನಿಗೆ ಇರಲಿ. ಅಷ್ಟು ಖಾರದಲ್ಲಿ ಚಿಪ್ಪಿಯ ಸಿಹಿ ಎಲ್ಲಿ ಉಳಿದೀತು?

ಹುರಿದದ್ದಕ್ಕೆ ಒಂದು ಹೋಳು ಕಾಯಿತುರಿ, ನಾಲ್ಕೈದು ಎಸಳು ಬೆಳ್ಳುಳ್ಳಿ, ಚಿಟಿಕೆ ಅರಿಶಿನ ಸೇರಿಸಿ ನೀರಿಲ್ಲದೆ ತರಿತರಿಯಾಗಿ ರುಬ್ಬಿ. ಎಣ್ಣೆಯಲ್ಲಿ ಎರಡು ಉಳ್ಳಾಗಡ್ಡಿ, ಕರಿಬೇವು ಬಾಡಿಸಿ, ಮಸಾಲೆ ಹಾಕಿ, ಸೋಸಿದ ನೀರು ಅರ್ಧ ಲೋಟ ಹಾಕಿ. ಎರಡು ಮೂರು ಮುರುಗಲು ಸಿಪ್ಪೆ, ಇಲ್ಲದಿದ್ದರೆ ಸ್ವಲ್ಪ ಹುಣಸೆ. ಐದು ನಿಮಿಷ ಕುದ್ದು ಹಸಿ ವಾಸನೆ ಹೋದ ಮೇಲೆ ಕೊನೆಗೆ ಚಿಪ್ಪಿ ಮಾಂಸ. ಎರಡು ಮೂರು ನಿಮಿಷ ತಿರುವಿ ಇಳಿಸಿ. ಹೆಚ್ಚು ಹೊತ್ತು ಬಿಟ್ಟರೆ ಅಗಿಯಲು ಆಗದಷ್ಟು ಗಟ್ಟಿಯಾಗುತ್ತದೆ. ಈಗ ರುಚಿ ನೋಡಿ ಬೇಕಿದ್ದರೆ ಮಾತ್ರ ಉಪ್ಪು.

ಕರಾವಳಿಯವರು ಕುಚ್ಚಲಕ್ಕಿ ಅನ್ನದ ಜತೆ ತಿನ್ನುತ್ತಾರೆ. ಬಿಸಿ ಜೋಳದ ರೊಟ್ಟಿಗೂ ಇದು ಬಹಳ ಒಪ್ಪುತ್ತದೆ, ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ ಇದ್ದರೆ ಆಯಿತು. ಉಳಿದ ಸೋಸಿದ ನೀರಿಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಕುಡಿಯಬಹುದು. ಬೆಂದ ಮಾಂಸ ಉಳಿದರೆ ಫ್ರಿಜ್ಜಿನಲ್ಲಿ ಒಂದು ದಿನ ಇಡಿ, ಅದಕ್ಕಿಂತ ಹೆಚ್ಚು ಬೇಡ.

ಚಿಪ್ಪುಗಳನ್ನು ತೊಳೆದು ಬಿಸಿಲಿಗೆ ಹಾಕಿ, ಇಲ್ಲದಿದ್ದರೆ ಮಾರನೇ ದಿನ ಓಣಿಗೆಲ್ಲ ನಾತ. ಒಣಗಿದ ಮೇಲೆ ಕುಟ್ಟಿ ಪುಡಿ ಮಾಡಿ ಮೊಟ್ಟೆ ಇಡುವ ಕೋಳಿಗೆ ಕೊಡಬಹುದು. ಅದು ಸುಣ್ಣವೇ ತಾನೆ, ಮೊಟ್ಟೆಯ ಸಿಪ್ಪೆ ಗಟ್ಟಿಯಾಗುತ್ತದೆ. ಗಿಡಕ್ಕೆ ಹಾಕುವವರು ಮಣ್ಣು ನೋಡಿ ಹಾಕಿ. ಧಾರವಾಡ, ಕಲಘಟಗಿ ಕಡೆಯ ಕೆಂಪು ಮಣ್ಣಿನ ಕುಂಡಕ್ಕೆ ಒಂದು ಹಿಡಿ ನಡೆಯುತ್ತದೆ. ನವಲಗುಂದ, ಗದಗದ ಎರೆಮಣ್ಣಿನಲ್ಲಿ ಸುಣ್ಣದ ಹರಳು ಮೊದಲೇ ಬೇಕಾದಷ್ಟಿದೆ, ಅದಕ್ಕೆ ಬೇಡ.